ಮೂತಮ್ಮನ ಹಕ್ಕು

(ಜುಮಾ ಪ್ರವಚನದ ಸಾರಾಂಶ)

 

ಹಿಜರಿ 7ನೇ ವರ್ಷ. ಹುದೈಬಿಯಾ ಒಪ್ಪಂದದ ಪ್ರಕಾರ ಪ್ರವಾದಿ(ಸ) ಮತ್ತು ಸಹಾಬಿಗಳು ಉಮ್ರಾ ನಿರ್ವಹಿಸಲು ಮಕ್ಕಾಕ್ಕೆ ಬಂದಿದ್ದರು. ಮೂರು ದಿನಗಳ ಗಡುವು ಮುಗಿಯಿತು. ಊರು ಬಿಟ್ಟು ಹೊರಡುವ ಹೊತ್ತಿಗೆ ಒಬ್ಬ ಪುಟ್ಟ ಹುಡುಗಿ ಚಿಕ್ಕಪ್ಪಾ, ಚಿಕ್ಕಪ್ಪಾ ಎಂದು ಕೂಗುತ್ತಾ ಹಿಂದಿನಿಂದ ಓಡಿ ಬಂದಳು. ಅವಳು ಹಝ್ರತ್ ಹಂಝಾ(ರ)ರ ಮಗಳು. ಹಂಝಾ(ರ) ಸಂಬಂಧದಲ್ಲಿ ಪ್ರವಾದಿ(ಸ)ರ ಚಿಕ್ಕಪ್ಪ. ಒಂದೇ ದಾದಿಯ ಹಾಲು ಕುಡಿದದ್ದರಿಂದ ಸಹೋದರನೂ ಹೌದು. ಹಾಗಾಗಿ ಆ ಮಗು ಕರೆದದ್ದು ಸರಿಯಾಗಿಯೇ ಇತ್ತು. ಹಂಝಾ(ರ) ಉಹುದ್‌ನಲ್ಲಿ ಹುತಾತ್ಮರಾಗಿ ನಾಲ್ಕು ವರ್ಷಗಳಾಗಿದ್ದವು.

ಹಝ್ರತ್ ಅಲೀ(ರ) ಮಗುವಿನ ಕೈ ಹಿಡಿದು, ಇವಳನ್ನು ನೋಡಿಕೋ ಎಂದು ಫಾತಿಮಾ(ರ)ರಿಗೆ ಒಪ್ಪಿಸಿದರು. ಆಮೇಲೆ ಈ ಮಗುವನ್ನು ಯಾರು ಸಾಕುವುದು ಎಂಬ ಚರ್ಚೆ ಎದ್ದಿತು. ನಮ್ಮ ಮನೆಗಳಲ್ಲಿ ಅನಾಥ ಮಗುವಿನ ವಿಷಯ ಬಂದರೆ ಯಾರ ತಲೆಗೆ ಕಟ್ಟುವುದು ಎಂಬ ಚರ್ಚೆ ನಡೆಯುತ್ತದೆ. ಅಲ್ಲಿ ಮೂವರು ನನಗೆ ಬೇಕು, ನನಗೆ ಬೇಕು ಎಂದು ವಾದಿಸಿದರು. ನನ್ನ ಚಿಕ್ಕಪ್ಪನ ಮಗಳು, ಮೊದಲು ಕೈ ಹಿಡಿದವನೂ ನಾನೇ ಎಂದರು ಅಲೀ(ರ). ಹಂಝಾ(ರ)ರಿಗೂ ತನಗೂ ಪ್ರವಾದಿ(ಸ) ಸಹೋದರತ್ವ ಕಟ್ಟಿಕೊಟ್ಟಿದ್ದರು, ಆದ್ದರಿಂದ ನನ್ನ ಅಣ್ಣನ ಮಗಳು ಎಂದರು ಝೈದ್(ರ). ನನಗೂ ಚಿಕ್ಕಪ್ಪನ ಮಗಳೇ, ಮೇಲಾಗಿ ಇವಳ ತಾಯಿಯ ಸಹೋದರಿ ನನ್ನ ಪತ್ನಿ ಎಂದರು ಜಅ್‌ಫರ್(ರ). ಮೂವರಿಗೂ ಹಕ್ಕಿತ್ತು. ಪ್ರವಾದಿ(ಸ) ಮಗುವನ್ನು ಜಅ್‌ಫರ್(ರ)ರ ಮನೆಗೆ ಕಳುಹಿಸಿದರು. ಜಅ್‌ಫರ್(ರ)ರಿಗಾಗಿ ಅಲ್ಲ, ಆ ಮನೆಯಲ್ಲಿದ್ದ ಅಸ್ಮಾ ಬಿನ್ತ್ ಉಮೈಸ್(ರ)ರಿಗಾಗಿ. ತಾಯಿಯ ಸಹೋದರಿ ತಾಯಿಯ ಸ್ಥಾನದಲ್ಲಿರುವವಳು ಎಂಬುದು ಅವರು ಕೊಟ್ಟ ಕಾರಣ. ಬುಖಾರಿಯಲ್ಲಿ ಬರಾಅ್ ಬಿನ್ ಆಝಿಬ್(ರ)ರ ವರದಿಯಾಗಿ ಇದು ಬಂದಿದೆ. ಮಗು ಸಿಗದ ಇಬ್ಬರ ಮನಸ್ಸನ್ನೂ ಅವರು ಒಳ್ಳೆಯ ಮಾತಿನಿಂದ ತಣಿಸಿದರು. ಯಾರೂ ಮುನಿಸಿಕೊಂಡು ಹೋಗಲಿಲ್ಲ.

ಇದನ್ನು ಪ್ರೀತಿಯಿಂದ ಆಡಿದ ಒಂದು ಸಾಮಾನ್ಯ ಮಾತು ಎಂದು ತಿಳಿಯಬೇಡಿ. ಇದು ವ್ಯಾಜ್ಯವೊಂದರಲ್ಲಿ ಕೊಟ್ಟ ತೀರ್ಪು. ತೀರ್ಪು ಎಂದರೆ ಹಕ್ಕು. ತಿರ್ಮಿದಿಯಲ್ಲಿ ಇನ್ನೊಂದು ವರದಿ ಇದೆ. ಒಬ್ಬ ಮನುಷ್ಯ ಬಂದು ತಾನು ದೊಡ್ಡ ಪಾಪ ಮಾಡಿದ್ದೇನೆ, ತೌಬಾಕ್ಕೆ ದಾರಿ ಇದೆಯೇ ಎಂದು ಕೇಳಿದ. ತಾಯಿ ಇದ್ದಾಳೆಯೇ ಎಂದು ಪ್ರವಾದಿ(ಸ) ವಿಚಾರಿಸಿದರು. ಇಲ್ಲ. ತಾಯಿಯ ಸಹೋದರಿ? ಇದ್ದಾಳೆ. ಹಾಗಾದರೆ ಅವಳಿಗೆ ಒಳಿತು ಮಾಡು ಎಂದರು. ತಾಯಿ ತೀರಿಹೋದ ಮೇಲೆ ನನಗೆ ಸೇವೆ ಮಾಡುವ ಭಾಗ್ಯ ಇಲ್ಲ ಎಂದು ಕೊರಗುವವರು ಈ ವರದಿಯನ್ನು ಗಮನಿಸಬೇಕು.

ಈ ವಿಷಯವನ್ನೇ ಇಂದು ಎತ್ತಿಕೊಳ್ಳಲು ಕಾರಣವಿದೆ. ನಿಮ್ಮಲ್ಲಿ ಹಲವರು ಕಳೆದ ವಾರ ಜನಾಝ ನಮಾಝ್‌ಗೆ ಬಂದಿದ್ದಿರಿ. ನನ್ನ ಉಮ್ಮನ ಅಕ್ಕ ಅಲ್ಲಾಹನೆಡೆಗೆ ಮರಳಿದರು. ನಮ್ಮ ಬ್ಯಾರಿ ಮನೆಗಳಲ್ಲಿ ಅವರನ್ನು ಮೂತಮ್ಮ ಎನ್ನುತ್ತೇವೆ. ದೊಡ್ಡಮ್ಮ ಎಂದ ಹಾಗೆ. ಹೆಸರಿನಲ್ಲೇ ಅಮ್ಮ ಇದೆ. ಪ್ರವಾದಿ(ಸ)ರ ತೀರ್ಪನ್ನು ನಮ್ಮ ಹಿರಿಯರು ನಾಲಗೆಯ ಮೇಲೇ ಇಟ್ಟುಕೊಂಡಿದ್ದರು ಎನ್ನಬೇಕು. ಕರಾವಳಿಯ ಬ್ಯಾರಿಗಳಲ್ಲಿ ತಾಯಿಯ ಕಡೆಯಿಂದ ಇಲ್ಲಂ ಹೇಳಿ ಗುರುತಿಸುವ ರೂಢಿ ಇತ್ತು. ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬಂದು ಹೋಗುವ ಪದ್ಧತಿಯೂ ಇತ್ತು. ಮಕ್ಕಳು ಬೆಳೆಯುತ್ತಿದ್ದದ್ದು ಉಮ್ಮನ ತವರಿನಲ್ಲಿ, ಉಮ್ಮನ ಅಕ್ಕತಂಗಿಯರ ಮಡಿಲಲ್ಲಿ. ಈಗಿನ ಫ್ಲ್ಯಾಟ್‌ಗಳಲ್ಲಿ ಅದಕ್ಕೆ ಜಾಗವಿಲ್ಲ. ಹಳೆಯದೆಲ್ಲ ಒಳ್ಳೆಯದಿತ್ತು ಎಂದು ನಾನು ಹೇಳುವವನಲ್ಲ. ಆದರೆ ಮೂತಮ್ಮಂದಿರು ಯಾರು ಎಂಬುದು ಮಕ್ಕಳಿಗೆ ಗೊತ್ತಿತ್ತು.

ನಮ್ಮ ಮೂತಮ್ಮ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಮಕ್ಕಳಿರಲಿಲ್ಲ. ಬಂದರಿನ ಸಮೀಪದ ಆ ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ನೂಲು ಸುತ್ತುವುದು. ಕೈ ಕೆಲಸ ಮಾಡುತ್ತಿದ್ದರೆ ನಾಲಗೆ ದ್ಸಿಕ್ರ್‌ನಲ್ಲಿ ಇರುತ್ತಿತ್ತು. ಬ್ರಾಂಚ್‌ಗೆ ಬೀಡಿ ಕೊಟ್ಟು ಬರುವ ದಿನ ಮನೆಯ ಮಕ್ಕಳಿಗೆಲ್ಲ ಏನಾದರೂ ತಿನ್ನಲು ಇರುತ್ತಿತ್ತು. ನನ್ನ ಉಮ್ಮನ ಐದು ಬಾಣಂತನ ಮಾಡಿದವರು ಅವರೇ. ತಮ್ಮಂದಿರ ಹೆಂಡತಿಯರ ಬಾಣಂತನಕ್ಕೂ ಕರೆ ಬಂದಾಗಲೆಲ್ಲ ಬಟ್ಟೆ ಗಂಟು ಕಟ್ಟಿ ಹೊರಟುಬಿಡುತ್ತಿದ್ದರು. ನಾನು ದರ್ಸ್‌ಗೆ ಸೇರಿದಾಗ ನನ್ನ ಕಿತಾಬ್‌ಗಳನ್ನು ಕೊಡಿಸಿದ್ದು ಆ ಬೀಡಿಯ ದುಡ್ಡು. ಮುಂದೆ ಬಿ.ಎ. ಪರೀಕ್ಷೆಗೆ ಶುಲ್ಕ ಕಟ್ಟಬೇಕಾದಾಗ ಉಸ್ತಾದನಿಗೆ ಯಾಕೆ ಕಾಲೇಜು ಎಂದು ಮನೆಯಲ್ಲಿ ಕೇಳಿದವರಿದ್ದರು. ಓದು ಎಂದು ತಾನೇ ಅಲ್ಲಾಹನ ಮೊದಲ ಆಜ್ಞೆ ಎಂದು ಮೂತಮ್ಮ ಎಲ್ಲರ ಬಾಯಿ ಮುಚ್ಚಿಸಿದರು.

ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕುರ್‌ಆನ್ ಓದುತ್ತಿದ್ದರು, ಅರಬಿ-ಮಲಯಾಳಂ ಲಿಪಿಯಲ್ಲಿ ಬರೆಯುತ್ತಿದ್ದರು. ಒಂದು ಹಳೆಯ ನೋಟ್‌ಬುಕ್ ಇತ್ತು. ಅದರಲ್ಲಿ ಕುಟುಂಬದ ಎಲ್ಲರ ಹೆಸರು. ಒಂದು ಕಡೆ ಬದುಕಿರುವವರು, ಇನ್ನೊಂದು ಕಡೆ ತೀರಿಹೋದವರು. ಮಗು ಹುಟ್ಟಿದರೆ ಈ ಕಡೆ ಬರೆಯುವುದು, ಯಾರಾದರೂ ತೀರಿಕೊಂಡರೆ ಈ ಕಡೆ ಹೊಡೆದು ಆ ಕಡೆ ಬರೆಯುವುದು. ಪ್ರತಿ ಶುಕ್ರವಾರದ ರಾತ್ರಿ, ಅಂದರೆ ಗುರುವಾರ ಮಗ್ರಿಬ್ ಆದ ಮೇಲೆ, ಒಂದೊಂದೇ ಹೆಸರು ಹಿಡಿದು ದುಆ ಮಾಡುತ್ತಿದ್ದರು. ಗಲ್ಫ್‌ಗೆ ಹೋದ ಹುಡುಗರು ಮೊದಲೆಲ್ಲ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ತನ್ನ ಸಲಾಂ ಇಲ್ಲದೆ ಒಂದು ಕ್ಯಾಸೆಟ್ಟೂ ವಾಪಸು ಹೋಗಬಾರದು ಎಂಬುದು ಅವರ ಹಟ. ಏನು ಹೇಳುತ್ತಿದ್ದರು? ಊಟ ಮಾಡು, ನಮಾಝ್ ಬಿಡಬೇಡ, ಉಮ್ಮನಿಗೆ ಕಾಗದ ಹಾಕು. ಅಷ್ಟೇ.

ಇಂಥ ಬಂಧ ಹೊಸದೇನಲ್ಲ. ವಿಶ್ವಾಸಿಗಳ ಮಾತೆ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಬೇರೆಯವರಿಗೆಲ್ಲ ಮಕ್ಕಳ ಹೆಸರಿನ ಕುನ್ಯತ್ ಇದೆ, ತನಗಿಲ್ಲ ಎಂದಾಗ ಅಕ್ಕ ಅಸ್ಮಾ(ರ)ರ ಮಗ ಅಬ್ದುಲ್ಲಾರ ಹೆಸರಿನಿಂದ ಕರೆಸಿಕೊಳ್ಳಲು ಪ್ರವಾದಿ(ಸ) ಹೇಳಿದರು. ಅಂದಿನಿಂದ ಅವರು ಉಮ್ಮು ಅಬ್ದಿಲ್ಲಾಹ್. ಅಬ್ದುಲ್ಲಾರ ತಮ್ಮ ಉರ್ವಾ ಕಲಿತದ್ದು ಈ ಚಿಕ್ಕಮ್ಮನಿಂದಲೇ. ಆಯಿಶಾ(ರ)ರ ಸಹೋದರ ಮುಹಮ್ಮದ್ ಈಜಿಪ್ಟಿನಲ್ಲಿ ಕೊಲ್ಲಲ್ಪಟ್ಟಾಗ ಅವರ ಮಗ ಕಾಸಿಮ್‌ರನ್ನು ಸಾಕಿದವರೂ ಆಯಿಶಾ(ರ)ರೇ. ಈ ಉರ್ವಾ ಮತ್ತು ಕಾಸಿಮ್ ಮದೀನಾದ ಪ್ರಸಿದ್ಧ ಏಳು ಫುಕಹಾಗಳಲ್ಲಿ ಸೇರಿದವರು. ಏಳರಲ್ಲಿ ಇಬ್ಬರು! ಒಬ್ಬರಿಗೆ ಅವರು ಚಿಕ್ಕಮ್ಮ, ಇನ್ನೊಬ್ಬರಿಗೆ ಸೋದರತ್ತೆ. ಇನ್ನೂ ಒಂದು ಸಂಗತಿ ನೋಡಿ. ಹಂಝಾ(ರ)ರ ಅನಾಥ ಮಗಳನ್ನು ಮಡಿಲಿಗೆ ಪಡೆದ ಅಸ್ಮಾ ಬಿನ್ತ್ ಉಮೈಸ್(ರ), ಮರುವರ್ಷವೇ ಮುಅ್ತಾ ಯುದ್ಧದಲ್ಲಿ ಜಅ್‌ಫರ್(ರ)ರನ್ನು ಕಳೆದುಕೊಂಡು ವಿಧವೆಯಾದರು. ಬಳಿಕ ಅಬೂಬಕ್ಕರ್(ರ)ರನ್ನು ವಿವಾಹವಾದರು. ಅವರ ಮಗನೇ ಈ ಮುಹಮ್ಮದ್. ಅಂದರೆ ಕಾಸಿಮ್ ಅವರ ಮೊಮ್ಮಗ. ಸಹೋದರಿಯ ಮಗುವನ್ನು ತನ್ನದಾಗಿಸಿಕೊಂಡವರ ಮೊಮ್ಮಗ ಅನಾಥನಾದಾಗ ಅವನಿಗೂ ಒಬ್ಬ ಅತ್ತೆಯ ಮನೆ ಸಿಕ್ಕಿತು.

ಆದರೆ ಆ ಮನೆಗಳಲ್ಲಿ ಜಗಳವೇ ಇರಲಿಲ್ಲ ಎಂದು ಭಾವಿಸಬೇಡಿ. ಯಾವ ಅಬ್ದುಲ್ಲಾರ ಹೆಸರಿನಿಂದ ಆಯಿಶಾ(ರ) ಕರೆಯಲ್ಪಡುತ್ತಿದ್ದರೋ ಅದೇ ಅಬ್ದುಲ್ಲಾ ಬಿನ್ ಝುಬೈರ್(ರ) ಒಮ್ಮೆ ಚಿಕ್ಕಮ್ಮನ ವ್ಯವಹಾರದ ಬಗ್ಗೆ ಗಡುಸಾಗಿ ಮಾತನಾಡಿದರು. ವಿಷಯ ಆಸ್ತಿಯದ್ದೇ. ಅವರು ಮಾರುವುದೋ ದಾನ ಕೊಡುವುದೋ ನಿಲ್ಲಿಸದಿದ್ದರೆ ತಾನು ತಡೆ ಹಾಕುತ್ತೇನೆ ಎಂದುಬಿಟ್ಟರು. ಸುದ್ದಿ ಮುಟ್ಟಿತು. ಇನ್ನೆಂದೂ ಅವನೊಡನೆ ಮಾತನಾಡುವುದಿಲ್ಲ ಎಂದು ಆಯಿಶಾ(ರ) ಹರಕೆ ಹೊತ್ತರು. ದಿನಗಳು ಕಳೆದವು. ಮಧ್ಯಸ್ಥರು ಬಂದು ಹೋದರೂ ಅವರು ಒಪ್ಪಲಿಲ್ಲ. ಕೊನೆಗೆ ಮಿಸ್ವರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಅಸ್ವದ್ ಒಂದು ಉಪಾಯ ಮಾಡಿದರು. ಅಬ್ದುಲ್ಲಾರನ್ನು ತಮ್ಮ ಹೊದಿಕೆಯ ಮರೆಯಲ್ಲಿ ಕರೆದುಕೊಂಡು ಹೋಗಿ ಒಳಗೆ ಬರಬಹುದೇ ಎಂದು ಕೇಳಿದರು. ಬನ್ನಿ ಎಂದರು. ಎಲ್ಲರೂ ಬರಬಹುದೇ? ಎಲ್ಲರೂ ಬನ್ನಿ. ಒಳಗೆ ಹೋದದ್ದೇ ತಡ, ಅಬ್ದುಲ್ಲಾ(ರ) ಪರದೆ ಸರಿಸಿ ಚಿಕ್ಕಮ್ಮನನ್ನು ತಬ್ಬಿಕೊಂಡು ಅಳತೊಡಗಿದರು. ಹೊರಗಿನಿಂದ ಅವರಿಬ್ಬರು ಮೂರು ರಾತ್ರಿಗಿಂತ ಹೆಚ್ಚು ಮಾತು ಬಿಡಬಾರದು ಎಂಬ ಪ್ರವಾದಿ(ಸ)ರ ಆದೇಶವನ್ನು ನೆನಪಿಸುತ್ತಲೇ ಇದ್ದರು. ಆಯಿಶಾ(ರ)ರೂ ಅತ್ತರು. ಹರಕೆ ಇದೆಯಲ್ಲಾ ಎಂದರು. ಕೊನೆಗೆ ಮಾತನಾಡಿದರು. ಹರಕೆ ಮುರಿದದ್ದಕ್ಕಾಗಿ 40 ಗುಲಾಮರನ್ನು ಬಿಡುಗಡೆ ಮಾಡಿದರು. ಆಮೇಲೂ ಆ ಹರಕೆಯನ್ನು ನೆನೆದು ಮುಖದ ವಸ್ತ್ರ ಒದ್ದೆಯಾಗುವಷ್ಟು ಅಳುತ್ತಿದ್ದರು. ಇದೂ ಬುಖಾರಿಯಲ್ಲಿದೆ.

ಈಗ ನಮ್ಮೂರಿಗೆ ಬರೋಣ. ಆಸ್ತಿಯ ವಿಷಯ ಬಂದಾಗ ನಮ್ಮ ಅತ್ತೆಯಂದಿರ, ಮೂತಮ್ಮಂದಿರ ಸ್ಥಿತಿ ಏನು?

ಅಜ್ಜ ತೀರಿಕೊಂಡಾಗ ಅಜ್ಜಿ ಇರಲಿಲ್ಲ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಶರೀಅತ್‌ನ ಲೆಕ್ಕ ಕಷ್ಟದ್ದಲ್ಲ. 6 ಪಾಲು ಮಾಡಿದರೆ ಗಂಡುಮಕ್ಕಳಿಗೆ ತಲಾ 2, ಹೆಣ್ಣುಮಕ್ಕಳಿಗೆ ತಲಾ 1. ಆದರೆ ನಡೆಯುವುದು ಹೇಗೆಂದು ನಿಮಗೆ ಗೊತ್ತು. ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿ ಬರುತ್ತದೆ. ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ ಎನ್ನುತ್ತಾರೆ. ನಾಳೆ ಗಂಡನ ಮನೆಯಲ್ಲಿ ಏನಾದರೂ ಆದರೆ ತವರು ಬೇಡವೇ ಎನ್ನುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿ, ಬರುವಾಗ ಹೋಟೆಲಿನಲ್ಲಿ ಬಿರಿಯಾನಿ ತಿನ್ನಿಸಿ ಮನೆಗೆ ಬಿಡುತ್ತಾರೆ. ನನ್ನ ಉಮ್ಮ ಹೆಬ್ಬೆಟ್ಟು ಒತ್ತಲು ಸಿದ್ಧರಿದ್ದರು. ಮೂತಮ್ಮ ಒಪ್ಪಲಿಲ್ಲ. ಮೊದಲು ಅಲ್ಲಾಹನು ಕೊಟ್ಟದ್ದನ್ನು ನಮ್ಮ ಕೈಗೆ ಕೊಡಿ, ಆಮೇಲೆ ನಾವು ಯಾರಿಗೆ ಕೊಡಬೇಕೋ ಕೊಡುತ್ತೇವೆ ಎಂದರು. ಮಕ್ಕಳಿಲ್ಲದವಳಿಗೆ ಯಾಕೆ ಇಷ್ಟು ಆಸೆ ಎಂದು ಕುಟುಂಬದಲ್ಲಿ ಮಾತಾಯಿತು. ಸಂಬಂಧ ಕೆಡಿಸಿದಳು ಎಂದೂ ಹೇಳಿದರು.

ಅವರು ಕೆಡಿಸಲಿಲ್ಲ. ಹಕ್ಕು ಕೇಳುವುದು ಸಂಬಂಧ ಕಡಿಯುವುದಲ್ಲ. ಹಕ್ಕು ತಡೆಯುವುದು ಕಡಿಯುವುದು. ಸ್ವಲ್ಪವಿರಲಿ, ಹೆಚ್ಚಿರಲಿ, ತಂದೆತಾಯಿ ಬಿಟ್ಟುಹೋದದ್ದರಲ್ಲಿ ಹೆಣ್ಣಿಗೆ ನಿಗದಿತ ಪಾಲಿದೆ ಎಂದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಸ್ಪಷ್ಟಪಡಿಸಿದ್ದಾನೆ. ಮನಃಪೂರ್ವಕವಾಗಿ ಕೊಡದ ಹೊರತು ಒಬ್ಬರ ಸೊತ್ತು ಇನ್ನೊಬ್ಬರಿಗೆ ಹಲಾಲ್ ಅಲ್ಲ ಎಂಬುದು ಹದೀಸ್‌ನ ಪಾಠ. ನಾಚಿಕೆಯಿಂದ, ತವರು ತಪ್ಪಿಹೋದೀತೆಂಬ ಭಯದಿಂದ ಒತ್ತಿದ ಹೆಬ್ಬೆಟ್ಟು ಮನಃಪೂರ್ವಕವೇ? ಕಚೇರಿಯ ಮೊಹರು ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಮೂತಮ್ಮ ತನ್ನ ಪಾಲು ಪಡೆದರು. ಅದರಲ್ಲಿ ಒಂದು ಭಾಗವನ್ನು ಒಬ್ಬ ತಮ್ಮನ ಮಗಳ ಮದುವೆಗೆ ತಾನಾಗಿಯೇ ಕೊಟ್ಟರು. ಅದು ಸ್ವಂತ ಕೈಯಿಂದ ಕೊಟ್ಟದ್ದು, ಅದರ ಪ್ರತಿಫಲ ಅವರಿಗಿದೆ. ಮೊದಲೇ ಕಿತ್ತುಕೊಂಡಿದ್ದರೆ ಅದೂ ಇರುತ್ತಿರಲಿಲ್ಲ.

ಮುಂದೆ ನನ್ನ ಇಬ್ಬರು ಮಾವಂದಿರ ನಡುವೆಯೇ ಹಿತ್ತಲಿನ ದಾರಿಯ ವಿಷಯದಲ್ಲಿ ಮಾತು ನಿಂತಿತು. (ಅವರಿಬ್ಬರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ.) ಹನ್ನೊಂದು ವರ್ಷ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ. ಮೂತಮ್ಮ ಎರಡೂ ಈದ್‌ಗೆ ಎರಡೂ ಮನೆಗೆ ಹೋಗುತ್ತಿದ್ದರು. ಈ ಮನೆಯ ಪತ್ತಿರ್ ಆ ಮನೆಗೆ, ಆ ಮನೆಯ ಸಾರು ಈ ಮನೆಗೆ ಹೋಗುತ್ತಿತ್ತು. ಮಾತು ಮಾತ್ರ ಹೋಗುತ್ತಿರಲಿಲ್ಲ. ಅಲ್ಲಿ ಏನು ಹೇಳಿದರು ಎಂದು ಕೇಳಿದರೆ, ಊಟ ಚೆನ್ನಾಗಿತ್ತು ಎನ್ನುತ್ತಿದ್ದರು. ಸಂಬಂಧ ಜೋಡಿಸುವವನೆಂದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವವನಲ್ಲ, ಕಡಿದಾಗಲೂ ಹೋಗಿ ಜೋಡಿಸುವವನು ಎಂಬ ಅರ್ಥದ ಹದೀಸನ್ನು ನಾನು ಮದ್ರಸದಲ್ಲಿ ಕಂಠಪಾಠ ಮಾಡಿದ್ದೆ. ಅದನ್ನು ಮಾಡುವುದು ಹೇಗೆಂದು ನೋಡಿದ್ದು ಅವರಲ್ಲಿ. ಜನಾಝದ ದಿನ ಇಬ್ಬರು ಮಾವಂದಿರೂ ಒಂದೇ ಸಫ್‌ನಲ್ಲಿ ನಿಂತರು. ಕಬರಿಗೆ ಮಣ್ಣು ಹಾಕುವಾಗ ಒಬ್ಬರು ಸಲಾಂ ಹೇಳಿದರು, ಇನ್ನೊಬ್ಬರು ಉತ್ತರ ಕೊಟ್ಟರು. ಇಷ್ಟೇ ಆಗಿದೆ. ಮುಂದಿನದಕ್ಕೆ ನೀವೂ ದುಆ ಮಾಡಿ.

ಸಹೋದರರೇ, ಒಂದು ಮಸ್‌ಅಲವನ್ನು ಹೇಳಬೇಕು. ನೀವು ತೀರಿಹೋದರೆ ನಿಮ್ಮ ಸೊತ್ತಿನ ನಿಗದಿತ ಪಾಲುದಾರರಲ್ಲಿ ತಾಯಿಯ ಸಹೋದರಿ ಇಲ್ಲ, ತಂದೆಯ ಸಹೋದರಿಯೂ ಇಲ್ಲ. ಅವಳಿಗೆ ಏನಾದರೂ ಸಿಗಬೇಕಿದ್ದರೆ ನೀವು ಬದುಕಿರುವಾಗ ಕೊಡಬೇಕು, ಇಲ್ಲವೇ ವಸಿಯ್ಯತ್ ಬರೆದಿಡಬೇಕು. ವಾರಸುದಾರರಲ್ಲದವರಿಗೆ ಮೂರನೇ ಒಂದು ಭಾಗದ ಒಳಗೆ ವಸಿಯ್ಯತ್ ಮಾಡಲು ಅವಕಾಶವಿದೆ. ನಮ್ಮಲ್ಲಿ ವಸಿಯ್ಯತ್ ಬರೆಯುವವರೇ ಕಡಿಮೆ. ಬರೆದರೆ ಆಯುಷ್ಯ ಮುಗಿಯುತ್ತದೆ ಎಂಬ ಅಂಜಿಕೆ!

ಝಕಾತ್‌ನ ವಿಷಯವೂ ಹಾಗೆ. ರಮಝಾನ್‌ನಲ್ಲಿ ಗೇಟಿನ ಹೊರಗೆ ಸಾಲು ನಿಲ್ಲಿಸಿ ಹಂಚುವವರಿದ್ದಾರೆ. ಸ್ವಂತ ಮೂತಮ್ಮ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿರುತ್ತಾರೆ, ತಿಂಗಳಿಡೀ ಬರಲೆಂದು. ಬಡವಳಾಗಿದ್ದರೆ ಅವರಿಗೆ ನಿಮ್ಮ ಝಕಾತ್ ಸಲ್ಲುತ್ತದೆ. ಬಂಧುವಿಗೆ ಕೊಟ್ಟದ್ದಕ್ಕೆ ದಾನದ್ದೂ ಸಂಬಂಧ ಜೋಡಿಸಿದ್ದೂ ಎರಡು ಪ್ರತಿಫಲವಿದೆ ಎಂದು ತಿರ್ಮಿದಿಯ ವರದಿ. ಇದು ಝಕಾತ್ ಎಂದು ಅವರಿಗೆ ಹೇಳಬೇಕಾಗಿಲ್ಲ, ನಿಮ್ಮ ನಿಯ್ಯತ್ ಸಾಕು. ಹೇಳಿದರೆ ಅವರು ತೆಗೆದುಕೊಳ್ಳಲಾರರು, ಅವರು ನಿಮ್ಮನ್ನು ಎತ್ತಿ ಆಡಿಸಿದವರು. ಹನಫೀ ಸಹೋದರರಿಗೆ ಇನ್ನೊಂದು ಮಾತು. ದುಡಿಯಲಾಗದ ಬಡ ಮಹ್ರಮ್ ಬಂಧುವಿನ ಖರ್ಚನ್ನು ನಿಮ್ಮ ಮದ್‌ಹಬ್ ಕಡ್ಡಾಯ ಹೊಣೆಯಾಗಿಯೇ ನೋಡುತ್ತದೆ. ವಿವರವನ್ನು ನಿಮ್ಮ ಉಲಮಾಗಳಲ್ಲಿ ಕೇಳಿ.

ಹಣ ಕಳುಹಿಸಿದರೆ ಮುಗಿಯಿತೇ? ಈಗ ಫೋನ್‌ನಲ್ಲಿ ಒಂದು ಒತ್ತು ಒತ್ತಿದರೆ ದುಬೈನಿಂದ ದುಡ್ಡು ಬರುತ್ತದೆ. ಒಳ್ಳೆಯದೇ. ಆದರೆ ಸೂರಃ ಅನ್ನೂರ್‌ನಲ್ಲಿ ಯಾರ ಯಾರ ಮನೆಯಲ್ಲಿ ಉಣ್ಣಲು ಸಂಕೋಚ ಬೇಡ ಎಂದು ಹೇಳುವಾಗ ಅಲ್ಲಾಹನು ತಂದೆಯ ಸಹೋದರಿಯರ ಮನೆಯನ್ನೂ ತಾಯಿಯ ಸಹೋದರಿಯರ ಮನೆಯನ್ನೂ ಬೇರೆ ಬೇರೆಯಾಗಿ ಎತ್ತಿ ಹೇಳಿದ್ದಾನೆ. ಹೋಗಿ ಕುಳಿತು ಉಣ್ಣಬೇಕಾದ ಮನೆ ಅದು. ರಜೆಯಲ್ಲಿ ಊರಿಗೆ ಬಂದವರು ಮಾಲ್‌ಗೆ, ಬೀಚ್‌ಗೆ ಮಕ್ಕಳನ್ನು ಕರೆದೊಯ್ಯುತ್ತಾರೆ. ಒಂದು ಸಂಜೆ ಅಲ್ಲಿಗೂ ಹೋಗಿ. ಮಕ್ಕಳಿಗೆ ಮೊಬೈಲ್ ಕೊಡದೆ ಕರೆದುಕೊಂಡು ಹೋಗಿ.

ನಮಾಝ್ ಮುಗಿದ ಮೇಲೆ ಒಬ್ಬ ಯುವಕ ಬಂದು ಕೇಳಿದ ಪ್ರಶ್ನೆಯನ್ನು ಓದುಗರಿಗಾಗಿ ಇಲ್ಲಿ ಸೇರಿಸುತ್ತೇನೆ. ಉಸ್ತಾದ್, ನನ್ನ ಉಮ್ಮನಿಗೂ ಮೂತಮ್ಮನಿಗೂ ಮಾತಿಲ್ಲ, ಆ ಮನೆಯ ಮೆಟ್ಟಿಲು ಹತ್ತಬೇಡ ಎಂದು ಉಮ್ಮ ಹೇಳುತ್ತಾರೆ, ನಾನೇನು ಮಾಡಲಿ ಎಂದ. ಅಲ್ಲಾಹನಿಗೆ ಅವಿಧೇಯತೆಯಾಗುವ ವಿಷಯದಲ್ಲಿ ತಂದೆತಾಯಿಗಳಿಗೂ ವಿಧೇಯತೆ ಇಲ್ಲ. ಕುಟುಂಬ ಸಂಬಂಧ ಕಡಿಯುವುದು ಅಂಥ ವಿಷಯ. ಹಾಗೆಂದು ಉಮ್ಮನ ಎದುರು ವಾದಕ್ಕೆ ನಿಲ್ಲಬೇಡ, ದನಿ ಏರಿಸಬೇಡ, ಹೋಗಿ ಬಂದದ್ದನ್ನು ಅವರ ಮುಂದೆ ಮೆರೆಸಲೂ ಬೇಡ. ಸದ್ದಿಲ್ಲದೆ ಹೋಗಿ ಬಾ. ಅವರ ಮಾತ್ರೆ ತಂದುಕೊಡು, ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಹೋಗು. ಅಲ್ಲಿ ಉಮ್ಮನ ದೂರು ಹೇಳಬೇಡ, ಇಲ್ಲಿ ಬಂದು ಅವರ ದೂರು ಹೇಳಬೇಡ. ಒಂದು ದಿನ ಉಮ್ಮನೇ ಅವಳು ಹೇಗಿದ್ದಾಳೆ ಎಂದು ಕೇಳಬಹುದು. ಆಗ ಇದ್ದದ್ದನ್ನು ಹೇಳು ಎಂದೆ. ಮನೆ ಎಲ್ಲಿ ಎಂದು ಕೇಳಿದೆ. ತೊಕ್ಕೊಟ್ಟು ಎಂದ. ಹಾಗಾದರೆ ಅಸರ್ ಒಳಗೆ ಮುಟ್ಟಬಹುದು ಎಂದೆ.